ಯಾವಾಗ ತಿಕ್ಕಬಾರದು?

ಮಕ್ಕಳೇ, ನಿಮ್ಮ ಅಜ್ಜನೋ ಅಜ್ಜಿಯೋ ಸಂಜೆ ಹೊತ್ತು “ಬಾ ಇಲ್ಲಿ, ಒಂಚೂರು ಕಾಲು ಒತ್ತು” ಎಂದು ಕರೆದಿರಬೇಕು. ನೀವು ಮುಖ ಗಂಟಿಕ್ಕಿಕೊಂಡೇ ಒತ್ತಿರಲೂಬೇಕು. ಈ ವಾರ ಆ ಕಾಲು ಒತ್ತುವ ವಿಚಾರವನ್ನೇ ಹೇಳುತ್ತೇನೆ. ಅದರಲ್ಲಿ ನಾನು ಸೋತ ಕಥೆಯೂ ಇದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ಶಾಖೆಗಳಲ್ಲೇ ನನ್ನ ಬ್ಯಾಂಕಿನ ಗುಮಾಸ್ತಿಕೆ ಮುಗಿಯಿತು. ನಮ್ಮ ಕಡೆ ಎಣ್ಣೆ ಹಚ್ಚಿ ತಿಕ್ಕುವುದು ಹೊಸದೇನಲ್ಲ. ದೀಪಾವಳಿಗೆ ಎಲ್ಲರಿಗೂ ಎಣ್ಣೆ, ನೀರು. ಬಾಣಂತಿಗೆ, ಕೂಸಿಗೆ ದಿನವೂ ಎಣ್ಣೆ. ಗರಡಿ ಮನೆಯಲ್ಲಿ ಪೈಲ್ವಾನರಿಗೆ ಮಾಲೀಸು. ಹಬ್ಬದಲ್ಲಿ ಓಡುವ ಹೋರಿಗಂತೂ ಮನೆಮಗನಿಗಿಂತ ಹೆಚ್ಚಿನ ಉಪಚಾರ. ಆದರೆ ಮೈ ತಿಕ್ಕಿಕೊಟ್ಟವರನ್ನು ನಾವು ಅಂಗಳದಲ್ಲೇ ಕೂರಿಸಿ, ಒಂದು ಸೇರು ಅಕ್ಕಿಯೋ ಹತ್ತು ರೂಪಾಯಿಯೋ ಕೊಟ್ಟು ಕಳಿಸಿದವರು. ಅದನ್ನೊಂದು ವಿದ್ಯೆ ಎಂದು ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

ಹಾಗಾಗಿ ಮೊಮ್ಮಗಳು ಪಿಯುಸಿ ಮುಗಿಸಿ “ಅಜ್ಜಾ, ನಾ ಬಿ.ಎನ್.ವೈ.ಎಸ್. ಓದ್ತೀನಿ” ಎಂದಾಗ, ಅದೇನೆಂದು ಕೇಳಿದೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಎಂದಳು. ಆಹಾರ, ಉಪವಾಸ, ಯೋಗ, ನೀರಿನ ಚಿಕಿತ್ಸೆ, ಮಾಲೀಸು ಎಲ್ಲವೂ ಅದರಲ್ಲಿ ಉಂಟಂತೆ. ಮಾಲೀಸು ಎಂಬ ಮಾತೊಂದೇ ನನ್ನ ಕಿವಿಗೆ ಬಿತ್ತು.

“ಮಂದಿ ಮೈ ತಿಕ್ಕಾಕ ಐದೂವರಿ ವರ್ಷ ಕಾಲೇಜು ಬೇಕೇನು? ಬಿ.ಕಾಂ. ಮಾಡು, ಬ್ಯಾಂಕಿನ ಪರೀಕ್ಷಾ ಕಟ್ಟು” ಎಂದುಬಿಟ್ಟೆ.

ಅವಳು ಎದುರು ಮಾತಾಡಲಿಲ್ಲ. ಮಗ, ಸೊಸೆ ಒಪ್ಪಿದರು, ಕರಾವಳಿ ಕಡೆಯ ಕಾಲೇಜಿಗೆ ಸೇರಿದಳು. ರಜೆಗೆ ಬಂದಾಗ ನನ್ನ ಜೊತೆ ಊಟ, ಮಳೆ, ಕ್ರಿಕೆಟ್ ಎಲ್ಲ ಮಾತಾಡುತ್ತಿದ್ದಳು. ಓದಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದು ನನಗೆ ಚುಚ್ಚುತ್ತಿತ್ತು. ಆದರೂ ಕೇಳಲು ಹಿರಿತನ ಬಿಡಲಿಲ್ಲ.

ಅವಳು ಮೂರನೇ ವರ್ಷದಲ್ಲಿದ್ದಾಗಿನ ದೀಪಾವಳಿ. ಪುಣೆಯ ಒಂದು ಮದುವೆಗೆ ಹೋಗಿ ಇಡೀ ರಾತ್ರಿ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಬಂದಿದ್ದೆ. ಎರಡು ದಿನಕ್ಕೆ ಎಡಗಾಲಿನ ಮೀನಖಂಡ ಬಾತು ನೋಯತೊಡಗಿತು. ಮುಟ್ಟಿದರೆ ಬಿಸಿ. ಉಳುಕಿರಬೇಕೆಂದು ಗರಡಿಯ ಉಸ್ತಾದರನ್ನು ಕರೆಸಿದೆ. ಎಪ್ಪತ್ತು ದಾಟಿದ ಅವರ ಕೈಗುಣ ಊರಿಗೇ ಗೊತ್ತು. ಅವರು ಎಣ್ಣೆ ಬಿಸಿ ಮಾಡಿಸಿ, ತೋಳು ಮಡಚಿ ಕೂತರು.

ಅಷ್ಟರಲ್ಲಿ ಮೊಮ್ಮಗಳು ಒಳಗಿನಿಂದ ಬಂದು ನನ್ನ ಎರಡೂ ಕಾಲು ನೋಡಿದಳು. “ಉಸ್ತಾದ್ ಅಜ್ಜಾರ, ಒಂದ್ ನಿಮಿಷ ತಡೀರಿ” ಎಂದವಳೇ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತಂದಳು. ಮೊಣಕಾಲಿನ ಕೆಳಗಿನ ಉಬ್ಬೆಲುಬಿನಿಂದ 10 ಸೆಂಟಿಮೀಟರ್ ಕೆಳಗೆ ಗುರುತು ಹಾಕಿ ಎರಡೂ ಕಾಲಿನ ಸುತ್ತಳತೆ ತೆಗೆದಳು. ಎಡಗಾಲು 4 ಸೆಂಟಿಮೀಟರ್ ದಪ್ಪ ಇತ್ತು.

“ಈ ಕಾಲು ಯಾರೂ ತಿಕ್ಕಬ್ಯಾಡ್ರಿ. ಅಪ್ಪಾ, ಗಾಡಿ ತಗಿ, ಹಾವೇರಿಗೆ ಹೋಗೂಣು.”

ನಾನು ಗೊಣಗಿದೆ. ಅವಳು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಾಸುಗಟ್ಟಲೆ ಅಲುಗದೆ ಕೂತರೆ, ಅದರಲ್ಲೂ ವಯಸ್ಸಾದವರಿಗೆ, ಹೀಗಾಗುವುದುಂಟಂತೆ. ಡಾಕ್ಟರು ಹೇಳಿದ್ದು ಇಷ್ಟು: “ಇದನ್ನ ತಿಕ್ಕಿದ್ದರ ಹೆಪ್ಪು ಕಿತ್ತು ಪುಪ್ಪುಸಕ್ಕ ಹೋಗಬಹುದಿತ್ತು. ಜೀವಕ್ಕ ಅಪಾಯ ಇತ್ತು. ತಡೆದವರು ಯಾರು?” ನಾನು ಮೊಮ್ಮಗಳ ಕಡೆ ಕೈ ತೋರಿಸಿದೆ. ಮಾತು ಹೊರಡಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಮೂರು ತಿಂಗಳು ನುಂಗಿದೆ.

ಮನೆಗೆ ಬಂದ ಮೇಲೆ ನಾನೇ ಕೇಳಿದೆ, “ನಿಮಗ ಕಾಲೇಜಿನಾಗ ಏನೇನು ಕಲಿಸ್ತಾರವಾ?” ಮೂರು ವರ್ಷದಲ್ಲಿ ಮೊದಲ ಸಲ ಅವಳು ನೋಟುಪುಸ್ತಕ ತಂದು ನನ್ನ ಪಕ್ಕ ಕೂತಳು.

ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಉಜಿರೆಯ ಎಸ್‌ಡಿಎಂ ಕಾಲೇಜು ಇದನ್ನು 1989ರಿಂದ ಕಲಿಸುತ್ತಿದೆ. ಮೈಸೂರಿನಲ್ಲಿ ಸರ್ಕಾರದ ಕಾಲೇಜೂ ಇದೆ. ಆಯುರ್ವೇದದ ಬಿ.ಎ.ಎಂ.ಎಸ್. ಓದುವವರು ಪಂಚಕರ್ಮದ ಪಾಠದಲ್ಲಿ ಅಭ್ಯಂಗ, ಅಂದರೆ ಎಣ್ಣೆ ಮಾಲೀಸು ಕಲಿಯುತ್ತಾರೆ. ಎಲ್ಲರೂ ಮೊದಲು ಓದುವುದು ಶರೀರ ರಚನೆ. 206 ಎಲುಬು, ಅವಕ್ಕೆ ಅಂಟಿದ ಸ್ನಾಯು, ನಡುವೆ ಹರಿಯುವ ನರ, ರಕ್ತನಾಳ. ಇವು ಗೊತ್ತಾದ ಮೇಲೆಯೇ ಎಣ್ಣೆ ಬಟ್ಟಲು ಕೈಗೆ.

ಕೈಯ ಚಲನೆ ಮುಖ್ಯವಾಗಿ ಐದು: ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು, ನಡುಗಿಸುವುದು. ಹಾಲೆಂಡಿನ ವೈದ್ಯ ಯೋಹಾನ್ ಮೆಜ್ಗರ್ 19ನೇ ಶತಮಾನದಲ್ಲಿ ಇವಕ್ಕೆ ಫ್ರೆಂಚ್ ಹೆಸರು ಬಳಕೆಗೆ ತಂದರಂತೆ. ಅಡಿಗೆಮನೆಯಿಂದ ನನ್ನ ಹೆಂಡತಿ, “ನಾದೂದು, ತಟ್ಟೂದು ನಾ ದಿನಾ ರೊಟ್ಟಿಗೆ ಮಾಡ್ತೀನಲ್ಲ” ಎಂದಳು. ಎಲ್ಲರೂ ನಕ್ಕೆವು.

ಕೈ ಕಾಲನ್ನು ನೀವುವಾಗ ಒತ್ತಡ ಹೃದಯದ ಕಡೆಗೆ ಇರಬೇಕು. ಯಾಕೆ ಗೊತ್ತೇ ಮಕ್ಕಳೇ? ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳಲ್ಲಿ ಒಂದೇ ಕಡೆ ತೆರೆಯುವ ಸಣ್ಣ ಕವಾಟಗಳಿವೆ. ರಕ್ತ ಹಿಂದಕ್ಕೆ ಜಾರದಂತೆ ಅವು ತಡೆಯುತ್ತವೆ. ಕೈಯೂ ಅದೇ ದಾರಿಯಲ್ಲಿ ಹೋಗಬೇಕು.

ಪುಸ್ತಕದಲ್ಲಿ ಒಂದು ಇಡೀ ಪುಟಕ್ಕೆ ಅವಳು ಕೆಂಪು ಗೆರೆ ಎಳೆದಿದ್ದಳು. ಮೇಲೆ ‘ಯಾವಾಗ ತಿಕ್ಕಬಾರದು’ ಎಂದಿತ್ತು. ಜ್ವರ ಇದ್ದಾಗ ಬೇಡ. ಎಲುಬು ಮುರಿದ ಜಾಗ, ಗಾಯ, ಕೀವು, ಚರ್ಮದ ಸೋಂಕು ಇದ್ದಲ್ಲಿ ಬೇಡ. ಹೆಪ್ಪುಗಟ್ಟಿದ ಅನುಮಾನ ಇದ್ದರೆ ಬೇಡವೇ ಬೇಡ. ಇದು ಹೊಸಬರ ಮಾತಷ್ಟೇ ಅಲ್ಲ. ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ದಿನವೂ ಎಣ್ಣೆ ಹಚ್ಚಿರಿ, ತಲೆ, ಕಿವಿ, ಪಾದಕ್ಕೆ ಮುಖ್ಯವಾಗಿ ಹಚ್ಚಿರಿ ಎಂದು ಹೇಳಿ, ಅಜೀರ್ಣವಾದವರಿಗೆ ಬೇಡ ಎಂದು ಅಲ್ಲಿಯೇ ತಡೆ ಹಾಕಿದ್ದಾನೆ.

ಅದನ್ನು ಓದುವಾಗ ನನಗೆ ನನ್ನ ಕೌಂಟರ್ ನೆನಪಾಯಿತು. ಚೆಕ್ಕಿಗೆ ದುಡ್ಡು ಎಣಿಸಿ ಕೊಡಲು ಯಾರಿಗೂ ಬರುತ್ತದೆ. ಸಹಿ, ತಾರೀಖು, ಖಾತೆಯ ಬಾಕಿ ನೋಡಿ ಯಾವ ಚೆಕ್ಕನ್ನು ವಾಪಸು ಮಾಡಬೇಕು ಎಂದು ತಿಳಿಯುವುದಕ್ಕೇ ನನಗೂ ವರ್ಷಗಳು ಹಿಡಿದಿದ್ದವು. ಅದನ್ನು ವಿದ್ಯೆ ಅಂದವನು, ಇವಳದನ್ನು ತಿಕ್ಕುವ ಕೆಲಸ ಅಂದಿದ್ದೆ.

ಜಪಾನಿನಲ್ಲಿ 17ನೇ ಶತಮಾನದಲ್ಲಿ ಸುಗಿಯಾಮ ವಾಇಚಿ ಎಂಬ ಅಂಧ ಗುರು ಸೂಜಿ ಚಿಕಿತ್ಸೆ ಮತ್ತು ಮಾಲೀಸನ್ನು ಅಂಧರಿಗೆ ಶಾಲೆ ಕಟ್ಟಿ ಕಲಿಸಿದ. ಇಂದಿಗೂ ಅಲ್ಲಿ ಮೂರು ವರ್ಷ ಓದಿ, ದೇಶದ ಪರೀಕ್ಷೆ ಪಾಸಾದವರಿಗೇ ಮಾಲೀಸಿನ ಪರವಾನಗಿ. ನಮ್ಮ ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಗದುಗಿನಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ನಿಮಗೆ ಗೊತ್ತು. ಅಲ್ಲಿ ಮಾಲೀಸು, ಇಲ್ಲಿ ಸಂಗೀತ. ಎರಡೂ ಕಡೆ ಕ್ರಮವಾಗಿ ಕಲಿತದ್ದು ಮಾನದ ಅನ್ನವಾಯಿತು.

ಉಸ್ತಾದರು ಮರುವಾರ ಬಂದರು. ಬೇಜಾರಾಗಿರಬಹುದೆಂದು ನನಗೆ ಅಳುಕಿತ್ತು. ಅವರು ಮೊಮ್ಮಗಳ ಎದುರು ಕೂತು, “ಐವತ್ತು ವರ್ಷ ತಿಕ್ಕೀನಿ ತಂಗಿ, ಇದನ್ನ ನನಗ ಯಾರೂ ಹೇಳಿದ್ದಿಲ್ಲ. ದೊಡ್ಡ ಅಕ್ಷರದಾಗ ಬರದು ಕೊಡು” ಎಂದರು. ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟಳು. ಆಮೇಲೆ, ಮೊಣಕೈಯಿಂದ ಬೆನ್ನು ಒತ್ತುವ ಪಟ್ಟನ್ನು ಅವರಿಂದ ಕಲಿಯಲು ಗರಡಿಗೇ ಹೋದಳು. ಆ ಹಾಳೆ ಈಗ ಗರಡಿಯ ಗೋಡೆಯ ಮೇಲಿದೆ.

ಹಿರಿಯರೇ, ಒಂದೇ ಕಾಲು ಒಮ್ಮೆಲೆ ಬಾತು, ಬಿಸಿಯಾಗಿ ನೋಯ್ದರೆ ತಿಕ್ಕಿಸಿಕೊಳ್ಳಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ದೂರದ ಪಯಣದಲ್ಲಿ ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮಕ್ಕಳೇ, ಕಾಲು ಒತ್ತುವ ಮೊದಲು ಎಲ್ಲಿ ನೋವು, ಯಾವಾಗಿನಿಂದ, ಬಾವು ಇದೆಯೇ ಎಂದು ಕೇಳಿ.

ಮೊನ್ನೆ ಗುಳಿಗೆ ನಿಲ್ಲಿಸಿ, ಇನ್ನು ಕಾಲು ಒತ್ತಿಸಿಕೊಳ್ಳಬಹುದು ಎಂದು ಡಾಕ್ಟರು ಒಪ್ಪಿದರು. ರಜೆಗೆ ಬಂದಿದ್ದ ಮೊಮ್ಮಗಳು ಕೈ ತೊಳೆದು ಬಂದು ಕಾಲ ಬಳಿ ಕೂತು, “ಅಜ್ಜಾ, ಮುಟ್ಟಲೇನು?” ಎಂದಳು.

“ಸ್ವಂತ ಅಜ್ಜನ ಕಾಲು, ಕೇಳೂದೇನೈತವಾ?” ಎಂದೆ.

“ಮೊದಲ ಪಾಠನೇ ಅದು ಅಜ್ಜಾ. ಕೇಳಬೇಕು.”

“ಹೂಂ, ಮುಟ್ಟವಾ ಡಾಕ್ಟರ್” ಎಂದೆ.