ಮೀಟರ್ ಓದಲು ಕಲಿಯೋಣ, ಮನೆಯವರಿಗೂ ಓದಿ ಹೇಳೋಣ



ಸ್ಮಾರ್ಟ್ ಮೀಟರ್ ಬಂದರೆ ಬಿಲ್ಲು ಏರುತ್ತದೆಯೋ ಇಳಿಯುತ್ತದೆಯೋ ಎಂಬ ಚರ್ಚೆ ನಮ್ಮ ಕಾಸರಗೋಡಿನಲ್ಲೂ ಇದೆ. ಕೆಲವರಿಗೆ ಅದರ ಮೇಲೆ ಭಯ, ಕೆಲವರಿಗೆ ಭಾರೀ ನಿರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಎರಡೂ ಹೆಚ್ಚಾಯಿತು. ಮೀಟರ್ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಅದು ಲೆಕ್ಕ ತೋರಿಸುತ್ತದೆ, ಅಷ್ಟೆ. ಆ ಲೆಕ್ಕವನ್ನು ಓದುವವರು ಮನೆಯಲ್ಲಿ ಇದ್ದಾರೆಯೇ ಎಂಬುದೇ ಮುಖ್ಯ ಪ್ರಶ್ನೆ.

ಈಗ ನಮಗೆ ಕೆಎಸ್‌ಇಬಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಮೊತ್ತ ನೋಡಿ ಗಾಬರಿಯಾಗುತ್ತೇವೆ, ಆದರೆ ಯಾವ ದಿನ ಯಾವುದಕ್ಕೆ ಕರೆಂಟು ಹೋಯಿತು ಎಂದು ಗೊತ್ತಾಗುವುದಿಲ್ಲ. ಸ್ಮಾರ್ಟ್ ಮೀಟರ್ ಬಳಕೆಯನ್ನು ಸಣ್ಣ ಸಣ್ಣ ಅವಧಿಗಳಲ್ಲಿ ದಾಖಲಿಸಿ ಕಳುಹಿಸುತ್ತದೆ. ಎಲ್ಲರೂ ಮಲಗಿರುವ ರಾತ್ರಿ ಎರಡು ಗಂಟೆಗೂ ಬಳಕೆ ಹೆಚ್ಚಿದ್ದರೆ ಮೊಬೈಲಿನಲ್ಲೇ ಅದನ್ನು ನೋಡಿ ಕಾರಣ ಹುಡುಕಬಹುದು. ಇದು ನಿಜವಾದ ಪ್ರಯೋಜನ.

ಆದರೆ ಅದು ಮನೆಗೆ ಬರುವ ತನಕ ಕಾಯಬೇಕಾಗಿಲ್ಲ. ಈಗಿರುವ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ, ನಿಮಿಷಕ್ಕೆ ಸುಮಾರು 53 ಸಲ ಮಿನುಗುವಾಗ ಗಂಟೆಗೆ ಒಂದು ಯೂನಿಟ್ಟಿನ ವೇಗದಲ್ಲಿ ಕರೆಂಟು ಹೋಗುತ್ತಿದೆ ಎಂದರ್ಥ. ಬಾವಿಯ ಪಂಪು ಹಾಕಿ ಎಣಿಸಿ, ನಿಲ್ಲಿಸಿ ಎಣಿಸಿ. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ರೀಡಿಂಗ್ ಬರೆದಿಡಿ. ಒಂದು ವಾರ ಹೀಗೆ ಮಾಡಿದರೆ ಮನೆಯ ಕರೆಂಟಿನ ದಾರಿ ತಿಳಿಯುತ್ತದೆ.

ಎಲ್ಲಿ ಹಿಡಿತ ಬೇಕು ಎಂಬುದಕ್ಕೂ ಲೆಕ್ಕವಿದೆ. 2000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 22 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ 9 ಸಾಕು. ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳನ್ನು ರಿಮೋಟಿನಲ್ಲಿ ಮಾತ್ರ ಆರಿಸಿ ಬಿಟ್ಟು ಹತ್ತು ವಾಟು ಹೋಗುತ್ತಾ ಇದ್ದರೂ ತಿಂಗಳಿಗೆ 7 ಯೂನಿಟ್ ದಾಟುತ್ತದೆ.

ಕೇರಳದ ದರಪಟ್ಟಿಯಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಮನೆ ಬಳಕೆ ತಿಂಗಳಿಗೆ 250 ಯೂನಿಟ್ಟಿನ ಒಳಗಿದ್ದರೆ ಹಂತ ಹಂತವಾಗಿ ದರ ಏರುತ್ತದೆ. ಆ ಗಡಿ ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ಎತ್ತರದ ದರ. ಎರಡು ತಿಂಗಳ ಬಿಲ್ಲಿನಲ್ಲಿ ಆ ಗಡಿ 500. ಕೊನೆಯ ವಾರ ಬಳಸಿದ ನಾಲ್ಕೈದು ಯೂನಿಟ್ ಇಡೀ ಬಿಲ್ಲನ್ನೇ ಮೇಲೆತ್ತಬಹುದು. ಗಡಿಯ ಹತ್ತಿರ ಬಂದಿದ್ದೇವೆ ಎಂದು ಮೊದಲೇ ಗೊತ್ತಾದರೆ ಮಾತ್ರ ಜಾಗ್ರತೆ ಮಾಡಲು ಸಾಧ್ಯ.

ಇಲ್ಲಿಯೇ ನಮ್ಮ ಜವಾಬ್ದಾರಿ ಆರಂಭವಾಗುತ್ತದೆ. ನಮ್ಮ ವಾಳೆಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಅಜ್ಜ ಅಜ್ಜಿಯರಿದ್ದಾರೆ. ಮಲಯಾಳಂ ಅಥವಾ ಇಂಗ್ಲಿಷಿನಲ್ಲಿ ಬರುವ ಬಿಲ್ಲು, ಮೆಸೇಜು ಅವರಿಗೆ ಅರ್ಥವಾಗುವುದಿಲ್ಲ. ಮಕ್ಕಳು ಗಲ್ಫಿನಲ್ಲಿ, ಮನೆಯಲ್ಲಿ ಮುದುಕರಿಬ್ಬರೇ. ಸ್ಮಾರ್ಟ್ ಮೀಟರ್ ಪ್ರಿಪೇಯ್ಡ್ ಆಗಿಯೂ ಕೆಲಸ ಮಾಡಬಲ್ಲದು. ಹಾಗಾದ ದಿನ ಬಾಕಿ ಎಷ್ಟಿದೆ ಎಂದು ಅವರಿಗೆ ಯಾರು ಹೇಳುತ್ತಾರೆ? ಮೀಟರ್ ಎಷ್ಟು ಜಾಣವಾದರೂ ಸ್ಮಾರ್ಟ್‌ಫೋನ್ ಇಲ್ಲದವರಿಗೆ ಅದು ಗೋಡೆಯ ಮೇಲಿನ ಪೆಟ್ಟಿಗೆ ಮಾತ್ರ.

ಜೊತೆಗೆ ಒಂದು ಎಚ್ಚರಿಕೆ. ಲೆಕ್ಕ ಕೈಗೆ ಬಂತೆಂದು ಮನೆಯವರ ಮೇಲೆ ಪೊಲೀಸರಾಗಬಾರದು. ದುಬೈಯಲ್ಲಿ ಕೂತು ಮೊಬೈಲು ನೋಡಿ, "ಅಮ್ಮಾ, ಮಧ್ಯಾಹ್ನ ಯಾಕೆ ಇಷ್ಟು ಕರೆಂಟು?" ಎಂದು ಕೇಳುವುದು ಉಳಿತಾಯವಲ್ಲ. ಏಪ್ರಿಲ್ ಸೆಕೆಯಲ್ಲಿ ಅಜ್ಜಿಯ ಫ್ಯಾನು ಕಡೆಯದಾಗಿ ಆರಬೇಕು. ಮೊದಲು ಆರಬೇಕಾದದ್ದು ಖಾಲಿ ಕೋಣೆಯಲ್ಲಿ ಓಡುವ ನಮ್ಮ ಎಸಿ.

ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅನಗತ್ಯ ದೀಪ ಆರಿಸುವಂಥ ಸಣ್ಣ ಕೆಲಸವನ್ನೂ ಸೃಷ್ಟಿಯ ಕಾಳಜಿಯಲ್ಲಿ ಸೇರಿಸಿದ್ದಾರೆ. ಎಸಿ ಬಳಕೆ ಏರುತ್ತಿರುವುದನ್ನೂ ಹೆಸರಿಸಿ ಎಚ್ಚರಿಸಿದ್ದಾರೆ. ಏಕೆಂದರೆ ನಮ್ಮ ಯೂನಿಟ್ಟಿನ ಬೆಲೆ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಕೇರಳಕ್ಕೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲು ಹೊರಗಿನಿಂದ ಬರುತ್ತದೆ. ಉಡುಪಿ–ಕಾಸರಗೋಡು 400 ಕೆವಿ ಮಾರ್ಗ ತಮ್ಮ ತೋಟದ ಮೇಲೆ ಹಾದುಹೋಗುವುದನ್ನು ಗಡಿಯಾಚೆಯ ಕೃಷಿಕರು ವಿರೋಧಿಸಿದ್ದು ನಮಗೆ ಗೊತ್ತೇ ಇದೆ. ನಮ್ಮ ಬೆಳಕಿನ ತಂತಿ ಇನ್ನೊಬ್ಬರ ಅಡಿಕೆ ತೋಟದ ಮೇಲಿನಿಂದ ಬರುತ್ತದೆ ಎಂಬ ಅರಿವಾದರೂ ನಮಗಿರಲಿ.

ಯೊವಾನ್ನರ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಐದು ಸಾವಿರ ಜನ ಹೊಟ್ಟೆ ತುಂಬ ಉಂಡ ಮೇಲೆ ಯೇಸುಸ್ವಾಮಿ ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳುತ್ತಾರೆ. ಹನ್ನೆರಡು ಬುಟ್ಟಿ ತುಂಬಿತು. ಬೇಕಾದಷ್ಟು ಕೊಡಬಲ್ಲವರೇ ಉಳಿದದ್ದು ಹಾಳಾಗಬಾರದೆಂದು ಬಯಸಿದರು. ಲೆಕ್ಕ ಇಡುವುದು ಜಿಪುಣತನವಲ್ಲ, ಪಡೆದದ್ದಕ್ಕೆ ತೋರುವ ಕೃತಜ್ಞತೆ.

ಆದ್ದರಿಂದ ನಮ್ಮ ಐಸಿವೈಎಂ ಘಟಕಗಳಿಗೆ ಎರಡು ಸಲಹೆ. ವಾಳೆ ಗುರಿಕಾರರ ಜೊತೆ ಮಾತಾಡಿ, ಒಂಟಿಯಾಗಿರುವ ಹಿರಿಯರ ಮನೆಗೆ ಇಬ್ಬರಂತೆ ಹೋಗಿ ಬಿಲ್ಲನ್ನು ಕನ್ನಡದಲ್ಲಿ ಓದಿ ಹೇಳೋಣ, ಪಂಪು–ವೈರಿಂಗಿನ ತೊಂದರೆ ಕಂಡರೆ ಇಲೆಕ್ಟ್ರಿಶಿಯನ್‌ರನ್ನು ಕರೆಸೋಣ. ಎರಡನೆಯದು, ಚರ್ಚಿನ, ಸಭಾಭವನದ ಯೂನಿಟ್ ಲೆಕ್ಕವನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕುವಂತೆ ಧರ್ಮಗುರುಗಳನ್ನೂ ಪಾಲನಾ ಪರಿಷತ್ತನ್ನೂ ವಿನಂತಿಸೋಣ. ವಾರ್ಷಿಕ ಹಬ್ಬದ ದೀಪಾಲಂಕಾರ ಬೇಡವೆಂದಲ್ಲ. ಎಷ್ಟು ದಿನ, ಎಷ್ಟು ಹೊತ್ತು ಎಂದು ಒಟ್ಟಿಗೆ ಕೂತು ನಿರ್ಧರಿಸಬಹುದಲ್ಲ? ಮನೆಯವರಿಗೆ ಹೇಳುವ ಮಾತನ್ನು ನಾವು ಮೊದಲು ಚರ್ಚಿನಲ್ಲಿ ಪಾಲಿಸಿದರೆ ಅದಕ್ಕೆ ಬೆಲೆ ಬರುತ್ತದೆ.