ಲೆಕ್ಕ ಬರುವುದಿಲ್ಲವೋ, ಪದ ತಿಳಿಯುವುದಿಲ್ಲವೋ?



“ನಮ್ಮ ಮಗುವಿಗೆ ಬೇರೆಲ್ಲ ಪಾಠ ಆಗುತ್ತದೆ ಫಾದರ್, ಲೆಕ್ಕ ಮಾತ್ರ ತಲೆಗೆ ಹೋಗುವುದಿಲ್ಲ.” ಮಕ್ಕಳು ಐದನೆಯ ತರಗತಿ ದಾಟುತ್ತಿದ್ದಂತೆ ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. “ನನಗೂ ಲೆಕ್ಕ ಬರುತ್ತಿರಲಿಲ್ಲ” ಎಂಬ ಸಮಾಧಾನ ಬೇರೆ! ಪಕ್ಕದಲ್ಲಿ ನಿಂತು ಇದನ್ನು ಕೇಳಿದ ಮಗು ಪ್ರಯತ್ನವನ್ನೇ ಬಿಡುತ್ತದೆ. ಆದರೆ ಮಗುವಿಗೆ ಬಾರದಿರುವುದು ನಿಜವಾಗಿಯೂ ಲೆಕ್ಕವೇ?

ನಮ್ಮ ಕುಂಬಳೆಯನ್ನೇ ನೋಡಿ. ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ‘ವೃತ್ತದ ಪರಿಧಿಯು ವ್ಯಾಸದ ಸುಮಾರು 22/7ರಷ್ಟು’ ಎಂದು ಓದುವ ಮಗು ಪರಿಧಿಯನ್ನೂ ಮುಟ್ಟಿ ನೋಡಿಲ್ಲ, ವ್ಯಾಸವನ್ನೂ ಅಳೆದಿಲ್ಲ. ಬಾಯಿಪಾಠ ಮಾಡುತ್ತದೆ, ಪರೀಕ್ಷೆ ಮುಗಿದೊಡನೆ ಮರೆಯುತ್ತದೆ. ಅನೇಕ ಸಲ ಮಗು ಸೋಲುವುದು ಲೆಕ್ಕದಲ್ಲಲ್ಲ, ಪದದಲ್ಲಿ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಅಕ್ಷರ ಫೌಂಡೇಶನ್ ಸಂಸ್ಥೆಯು ಸರಕಾರದೊಡನೆ ಸೇರಿ ‘ಗಣಿತ ಕಲಿಕಾ ಆಂದೋಲನ’ ಆರಂಭಿಸಿ, 4 ಮತ್ತು 5ನೆಯ ತರಗತಿಗಳಿಗೆ ಕಲಿಕಾ ಸಾಮಗ್ರಿಗಳ ಪೆಟ್ಟಿಗೆಯನ್ನು ಒದಗಿಸಿತು. ಅದರ ಕ್ರಮ ಸರಳ: ಮೊದಲು ಕೈಗೆ ವಸ್ತು, ಅನಂತರ ಚಿತ್ರ, ಕೊನೆಗೆ ಅಂಕಿ. ದೊಡ್ಡ ತರಗತಿಯ ಮಕ್ಕಳಿಗೂ ಇದೇ ಕ್ರಮ ಬೇಕು. ಇದಕ್ಕೆ ಹಣ ಖರ್ಚಾಗುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಮೂರು ಚಟುವಟಿಕೆಗಳು ಇಲ್ಲಿವೆ.

ಒಂದು, ಊಟದ ಬಟ್ಟಲು. ಅದರ ಅಂಚಿಗೆ ದಾರ ಸುತ್ತಿ, ಆ ದಾರವನ್ನು ಬಟ್ಟಲಿನ ನಡುವೆ ಅಡ್ಡಲಾಗಿ ಇಟ್ಟು ಎಣಿಸಲಿ: ಮೂರು ಸಲ, ಮೇಲೆ ಸ್ವಲ್ಪ. ಬಟ್ಟಲಿನ ಅಗಲ 28 ಸೆಂಟಿಮೀಟರ್ ಇದ್ದರೆ ದಾರ ಸುಮಾರು 88. ಒಂದೆರಡು ಹೆಚ್ಚುಕಡಿಮೆ ಬಂದರೆ ಏಕೆಂದು ಯೋಚಿಸಲಿ. ಬಾಲ್ದಿಯ ಬಾಯಿಯನ್ನೂ ಅಳೆದು ನೋಡಲಿ. ವೃತ್ತ ಸಣ್ಣದಾದರೂ ದೊಡ್ಡದಾದರೂ ಅದೇ ಮೂರು ಮತ್ತು ಸ್ವಲ್ಪ!

ಎರಡು, ತೆಂಗಿನ ಮರ. ಸಮತಟ್ಟಾದ ಅಂಗಳದಲ್ಲಿ ಬಿಸಿಲಿರುವಾಗ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿಗೆ ಮರದ ನೆರಳು 12 ಮೀಟರ್ ಇದ್ದರೆ, ಮರದ ಎತ್ತರ 15 ಮೀಟರ್. ಮರ ಹತ್ತದೆಯೇ ಅನುಪಾತ ಕಲಿತಂತಾಯಿತು.

ಮೂರು, ಬಾವಿ. ಹಿರಿಯರು ಜತೆಗಿದ್ದೇ ಇದನ್ನು ಮಾಡಿಸಬೇಕು. ಬಾವಿಕಟ್ಟೆ ಸೊನ್ನೆ, ಅದರಿಂದ ಕೆಳಗೆಲ್ಲ ಮೈನಸ್. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ಇಳಿಸಿ. ಬೇಸಗೆಯಲ್ಲಿ ನೀರು −6ರಲ್ಲಿ, ಮಳೆಗಾಲದಲ್ಲಿ −2ರಲ್ಲಿ ಇದ್ದರೆ ಎಷ್ಟು ಏರಿತು? −2 − (−6) = 4 ಮೀಟರ್. ಮೈನಸನ್ನು ಕಳೆದರೆ ಕೂಡಿದಂತಾಗುವುದು ಏಕೆಂದು ಹಗ್ಗವೇ ತೋರಿಸುತ್ತದೆ.

ಇದರಿಂದ ಮಗ್ಗಿ ಬೇಡವೆಂದಲ್ಲ, ಅಭ್ಯಾಸವೂ ಬೇಕು. ಆದರೆ ಅರ್ಥವಾದ ಮೇಲಿನ ಅಭ್ಯಾಸ ಶಿಕ್ಷೆಯಾಗುವುದಿಲ್ಲ. ತಾನು ಅಳೆದದ್ದನ್ನು ಮಗು ಮೊದಲು ಮನೆಮಾತಿನಲ್ಲೇ ಹೇಳಲಿ, ಅನಂತರ ಪುಸ್ತಕದ ಪದ ಕಲಿಯಲಿ. ಉತ್ತರ ತಪ್ಪಾದರೆ ಗದರಬೇಡಿ. “ಹೇಗೆ ಮಾಡಿದೆ, ನನಗೂ ತೋರಿಸು” ಎನ್ನಿ.

ಈ ಆದಿತ್ಯವಾರ ಮಧ್ಯಾಹ್ನ ಟಿ.ವಿ., ಮೊಬೈಲು ಬದಿಗಿಟ್ಟು ಅರ್ಧ ಗಂಟೆ ಮಕ್ಕಳೊಂದಿಗೆ ಅಂಗಳಕ್ಕೆ ಇಳಿಯುತ್ತೀರಲ್ಲವೇ? ಕೈಯಲ್ಲಿ ಒಂದು ಕೋಲು, ಒಂದು ಹಗ್ಗ ಇದ್ದರೆ ಸಾಕು. “ನಿನಗೆ ಲೆಕ್ಕ ಬರುವುದಿಲ್ಲ” ಎಂಬ ಮಾತು ಮಾತ್ರ ಬೇಡ.