ಮೀನು ಮಾರುವವನಿಗೆ ಮೀನು ಗೊತ್ತಿರಬೇಡವೇ?

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇರಲೇಬೇಕೆಂದು ಕಾನೂನು ಹೇಳುತ್ತದೆ. ಅಡಿಕೆ ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನು ಮಾರುವವನಿಗೂ ವಿದ್ಯಾರ್ಹತೆಯ ಅಥವಾ ತರಬೇತಿಯ ಷರತ್ತಿದೆ. ಆದರೆ ಉಸಿರಾಡುವ ಜೀವವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದು ಗಿರಾಕಿಯ ಕೈಗಿಡುವ ಅಕ್ವೇರಿಯಂ ಅಂಗಡಿಯ ನೌಕರನಿಗೆ ಏನು ತಿಳಿದಿದೆ ಎಂದು ಕೇಳುವವರೇ ಇಲ್ಲ. ಗಿರಾಕಿ ಕೇಳುವುದು ಬೆಲೆಯನ್ನು ಮಾತ್ರ. ಮಾಲೀಕ ಕೇಳುವುದು ಸಂಜೆಯ ಗಲ್ಲೆಯ ಲೆಕ್ಕವನ್ನು ಮಾತ್ರ.

ಈ ಅಜ್ಞಾನದ ಬೆಲೆ ತೆರುವುದು ಮೀನು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ; ಗಾಜಿನ ತೊಟ್ಟಿಯಲ್ಲಿ ಉಳಿದು ಅದೇ ಕಿವಿರುಗಳನ್ನು ಸುಡುತ್ತದೆ. ಈ ವಿಷವನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇದು ಮೀನು ಸಾಕಣೆಯ ಮೊದಲ ಪಾಠ. ಆದರೂ ಬಹುತೇಕ ಅಂಗಡಿಗಳಲ್ಲಿ ತೊಟ್ಟಿ, ಜಲ್ಲಿಕಲ್ಲು, ಪಂಪು ಮತ್ತು ಹತ್ತು ಮೀನು ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಮಾರಾಟವಾಗುತ್ತವೆ. ಜೊತೆಗೆ ಪುಕ್ಕಟೆಯಾಗಿ ಒಂದು ಉಪದೇಶ: ವಾರಕ್ಕೊಮ್ಮೆ ನೀರೆಲ್ಲ ಚೆಲ್ಲಿ ತೊಟ್ಟಿಯನ್ನು ತಿಕ್ಕಿ ತೊಳೆಯಿರಿ. ಹಾಗೆ ತೊಳೆದಾಗ ಅಷ್ಟಿಷ್ಟು ನೆಲೆಗೊಂಡಿದ್ದ ಬ್ಯಾಕ್ಟೀರಿಯಾಗಳೂ ತೊಳೆದುಹೋಗುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ಮಿಕ್ಕ ಕೆಲಸವನ್ನು ಮುಗಿಸುತ್ತದೆ.

ಮೇಜಿನ ಮೇಲಿನ ಗಾಜಿನ ಬಟ್ಟಲಲ್ಲಿ ಗೋಲ್ಡ್‌ಫಿಷ್ ಸಾಕಬಹುದೆಂದು ಹೇಳಿ ಮಾರಲಾಗುತ್ತದೆ. ಸರಿಯಾದ ಆರೈಕೆಯಿದ್ದರೆ ಹತ್ತು ವರ್ಷಕ್ಕೂ ಮೀರಿ ಬದುಕಿ, ಗೇಣುದ್ದ ಬೆಳೆಯಬಲ್ಲ ಮೀನು ಅದು. ಗಾಳಿಯನ್ನು ನೇರವಾಗಿ ಹೀರಬಲ್ಲ ಅಂಗವಿದೆ ಎಂಬ ಒಂದೇ ಕಾರಣಕ್ಕೆ ಫೈಟರ್ ಮೀನನ್ನು ಲೋಟದಷ್ಟು ನೀರಿನಲ್ಲಿ ತಿಂಗಳುಗಟ್ಟಲೆ ಇಡಲಾಗುತ್ತದೆ. ಬೆರಳುದ್ದದ ಸಕ್ಕರ್ ಮೀನನ್ನು ‘ತೊಟ್ಟಿ ತೊಳೆಯುವ ಮೀನು’ ಎಂದು ಕೊಡಲಾಗುತ್ತದೆ. ಅದು ಒಂದಡಿಗೂ ಮೀರಿ ಬೆಳೆಯುತ್ತದೆಂಬುದನ್ನು ಯಾರೂ ಹೇಳುವುದಿಲ್ಲ.

ಇದು ಮುಗ್ಧ ಅಜ್ಞಾನವೇ? ಅಲ್ಲ. ಇದು ಲಾಭದಾಯಕ ಅಜ್ಞಾನ. ಎರಡು ವಾರಕ್ಕೆ ಮೀನು ಸತ್ತರೆ ಗಿರಾಕಿ ಮತ್ತೆ ಬರುತ್ತಾನೆ. ಇನ್ನೊಂದು ಮೀನು, ಒಂದು ಸೀಸೆ ಔಷಧಿ ಕೊಳ್ಳುತ್ತಾನೆ. ಹತ್ತು ವರ್ಷ ಬದುಕುವ ಮೀನಿಗಿಂತ ಹದಿನೈದು ದಿನಕ್ಕೆ ಸಾಯುವ ಮೀನೇ ಈ ವ್ಯಾಪಾರಕ್ಕೆ ಹಿತಕರ. ಆದ್ದರಿಂದ ದೂಷಿಸಬೇಕಾದುದು ಗಲ್ಲೆಯ ಮುಂದೆ ನಿಂತ ಹುಡುಗನನ್ನಲ್ಲ. ಆತ ಕಡಿಮೆ ಸಂಬಳಕ್ಕೆ ದುಡಿಯುವವನು. ಬಹುಶಃ ಇದೇ ಬೆಟ್ಟದೂರುಗಳಿಂದ ಪೇಟೆ ಸೇರಿದವನು. ಆತನಿಗೆ ಕಲಿಸದೆ ಇರುವುದರಲ್ಲೇ ಲಾಭ ಕಂಡುಕೊಂಡ ಮಾಲೀಕರು ಉತ್ತರಿಸಬೇಕು.

ಮೀನಿಗೆ ನೋವಿಲ್ಲ ಎಂಬುದು ಈ ವ್ಯಾಪಾರದ ಹಳೆಯ ಸಮಾಧಾನ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತಂತುಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ತಗುಲಿದ ಮೀನುಗಳು ಆಹಾರ ಬಿಟ್ಟವು, ತುಟಿಯನ್ನು ಜಲ್ಲಿಗೆ ಉಜ್ಜಿದವು. ನೋವುನಿವಾರಕ ಕೊಟ್ಟಾಗ ಈ ವರ್ತನೆ ತಗ್ಗಿತು.

ಕಾನೂನಿನ ಕಥೆಯೇನು? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಮನುಷ್ಯನನ್ನುಳಿದು ಪ್ರತಿಯೊಂದು ಜೀವಿಯೂ ಪ್ರಾಣಿಯೇ; ಮೀನೂ ಅದರೊಳಗೆ ಬರುತ್ತದೆ. ಆದರೆ ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ! ಅಕ್ವೇರಿಯಂ ಅಂಗಡಿಗಳಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮಾವಳಿ ಹೊರಡಿಸಿತು. ವ್ಯಾಪಾರಿಗಳ ವಿರೋಧ ಎದುರಾಯಿತು. ನಿಯಮಾವಳಿ ಹಿಂದಕ್ಕೆ ಹೋಯಿತು. ಅದರಲ್ಲಿ ಲೋಪಗಳಿದ್ದಿರಬಹುದು. ಲೋಪ ತಿದ್ದುವ ಬದಲು ನಿಯಮವನ್ನೇ ಕೈಬಿಟ್ಟದ್ದು ಯಾರ ಹಿತಕ್ಕಾಗಿ?

ಇದು ಪೇಟೆಯವರ ಸಮಸ್ಯೆ, ಮಲೆನಾಡಿಗೇನು ಸಂಬಂಧ ಎನ್ನುವವರು ಹೊಳೆಯತ್ತ ನೋಡಲಿ. ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೆಂಪು ಪಟ್ಟಿಯ ಮೀನು ಪಶ್ಚಿಮಘಟ್ಟದ ತೊರೆಗಳಲ್ಲಿ ಮಾತ್ರ ಹುಟ್ಟುವಂಥದು. ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. 2005ರಿಂದ 2012ರವರೆಗೆ ಭಾರತದಿಂದ ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಅಲಂಕಾರಕ್ಕಾಗಿ ರಫ್ತಾದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಲ್ಲುಬಂಡೆಗಳ ನಡುವೆ ಧುಮುಕುವ ತಂಪು ನೀರಿನಲ್ಲಿ ಹಿಂಡಾಗಿ ಈಜುವ ಮೀನು ಅದು. ಅದರ ತವರಿನ ಅರಿವಿಲ್ಲದವನು ಅದನ್ನು ನಿಂತ ನೀರಿಗೆ ಒಂಟಿಯಾಗಿ ಮಾರುತ್ತಾನೆ.

ಹೊಳೆಯಿಂದ ಹೋದದ್ದು ಹೀಗಾದರೆ, ಹೊಳೆಗೆ ಬಂದದ್ದು ಇನ್ನೂ ಭೀಕರ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೀನನ್ನು ಕೊಲ್ಲಲು ಮನಸ್ಸಾಗದೆ ಜನ ಕೆರೆಗೆ, ನದಿಗೆ ಬಿಡುತ್ತಾರೆ. ಪುಣ್ಯದ ಕೆಲಸವೆಂದೇ ಭಾವಿಸುತ್ತಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಕೇರಳ, ತಮಿಳುನಾಡು, ಆಂಧ್ರಗಳ ನೀರಿನಲ್ಲಿ ಬೇರೂರಿದೆ. 2018ರ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅಮೆಜಾನಿನ ದೈತ್ಯ ಮೀನು ಅರಾಪೈಮಾ ಕೂಡ ಸಿಕ್ಕಿತು. ‘ಇದು ಇಷ್ಟು ದೊಡ್ಡದಾಗುತ್ತದೆ, ಹೊಳೆಗೆ ಬಿಡಬೇಡಿ’ ಎಂಬ ಎರಡು ಮಾತು ಗಲ್ಲೆಯ ಮುಂದೆ ಆಡದೆ ಉಳಿದದ್ದರ ಫಲವನ್ನು ಇಡೀ ನದಿ ಉಣ್ಣುತ್ತದೆ.

ಅಲಂಕಾರಿಕ ಮೀನು ಸಾಕಣೆ ಸಾವಿರಾರು ಕುಟುಂಬಗಳ ಜೀವನೋಪಾಯ ಎಂಬುದು ನಿಜ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆ ಅದಕ್ಕೆ ಸಹಾಯಧನವನ್ನೂ ಕೊಡುತ್ತದೆ. ಆದರೆ ಮೀನನ್ನು ಬದುಕಿಸಬಲ್ಲ ವ್ಯಾಪಾರದಿಂದ ಸಾಕುವವನಿಗೆ ನಷ್ಟವಿಲ್ಲ. ಬೇಡಿಕೆಗಳು ಸರಳವಾಗಿವೆ. ಪ್ರತಿ ತೊಟ್ಟಿಯ ಮೇಲೆ ಮೀನಿನ ಹೆಸರು, ಮೂಲ, ಪೂರ್ಣ ಬೆಳೆದಾಗಿನ ಗಾತ್ರ, ಬೇಕಾದ ನೀರಿನ ಪ್ರಮಾಣವನ್ನು ಕನ್ನಡದಲ್ಲಿ ಬರೆಯಬೇಕು. ನೌಕರರಿಗೆ ತರಬೇತಿ ಕಡ್ಡಾಯವಾಗಬೇಕು. 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇರುವ ನಾಡಿಗೆ ಇದು ಅಸಾಧ್ಯವೇನಲ್ಲ. ಮಾರಿದ ಮೀನನ್ನು ಸಾಕಲಾಗದವರಿಂದ ಅಂಗಡಿಯೇ ಮರಳಿ ಪಡೆಯಬೇಕು.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ತಲೆಮಾರುಗಳಿಂದ ಕಾದುಕೊಂಡು ಬಂದ ಜನರಿಗೆ ಒಂದು ವಿಷಯ ತಿಳಿದಿದೆ: ಮೀನನ್ನು ಕಾಯುವುದೆಂದರೆ ನೀರನ್ನು ಕಾಯುವುದು. ಪೇಟೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಈ ಅರಿವನ್ನು ಅಂಗಡಿಯ ಬಾಗಿಲಿಗೆ ಒಯ್ಯಲಿ. ಒಳಗೆ ಹೋಗಿ ಕೇಳಲಿ: ಈ ಮೀನು ಎಲ್ಲಿಯದು? ಎಷ್ಟು ಬೆಳೆಯುತ್ತದೆ? ಎಷ್ಟು ವರ್ಷ ಬದುಕಬೇಕಾದದ್ದು? ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಲಿ.